ಹುಲ್ಲು ಹೆಚ್ಚು, ಮಂದಿ ಕಮ್ಮಿ

ಮೊನ್ನೆ ಭಾನುವಾರ ಲ್ಯಾಪ್‌ಟಾಪಿನ ಚೀಲವನ್ನು ಅಂಗಳದಲ್ಲಿ ಜಾಡಿಸುತ್ತಿದ್ದೆ. ಪೆನ್ನಿನದೊಂದು ಟೊಪ್ಪಿಗೆ ಬಿತ್ತು, ನಾಲ್ಕು ಶೇಂಗಾ ಸಿಪ್ಪೆ ಬಿದ್ದವು, ಕೊನೆಗೆ ಕ್ಯಾಲೆಂಡರಿನಿಂದ ಹರಿದ ಹಾಳೆಯೊಂದು ಮಡಿಕೆ ಬಿಚ್ಚಿಕೊಂಡು ಬಿತ್ತು. ಹಿಂಬದಿಯಲ್ಲಿ ನನ್ನ ಮಾವನವರ ಅಕ್ಷರ. ಒಂದೊಂದೂ ಗೇಣುದ್ದ, ಯಾವುದೂ ಪಕ್ಕದ್ದಕ್ಕೆ ತಾಗಿಲ್ಲ.

ಹುಲ್ಲು – ಹೆಚ್ಚು. ನೆರಳು – ಇರಲಿ. ನೀರು – ಹರಿಯಬೇಕು. ದೂರದ ಗುಡ್ಡ – ಮಸಕ ಇದ್ದರೂ ನಡೀತೈತಿ. ಮಂದಿ – ಕಮ್ಮಿ.

ಮೊದಲನೆಯ ಸಾಲಿನ ‘ಹೆಚ್ಚು’ ಎಂಬುದಕ್ಕೆ ಆಮೇಲೆ ಅಡ್ಡಗೆರೆ ಹೊಡೆದು ಮೇಲೆ ‘ಮಧ್ಯಮ’ ಎಂದು ಬರೆದಿದ್ದಾರೆ.

ಗೊತ್ತಿಲ್ಲದವರು ನೋಡಿದರೆ ಯಾರೋ ಸನ್ಯಾಸಕ್ಕೆ ಹೊರಟವರು ದೇವರ ಹತ್ತಿರ ಬೇಡಿಕೊಂಡ ಪಟ್ಟಿ ಅಂದುಕೊಂಡಾರು. ಅದು ಅಲ್ಲ. ಅದೊಂದು ಕಂಪ್ಯೂಟರ್ ಆಟದ ಗ್ರಾಫಿಕ್ಸ್ ಸೆಟ್ಟಿಂಗು. ಬರೆದವರು ಅಥಣಿ ತಾಲೂಕಿನ ಸತ್ತಿಯಲ್ಲಿ ಕಬ್ಬು, ದ್ರಾಕ್ಷಿ ಬೆಳೆಯುವ ರಾಯಗೌಡರು, ವಯಸ್ಸು ಎಪ್ಪತ್ತಮೂರು. ಆ ಹಾಳೆ ಬರೆಯುವುದಕ್ಕೆ ಹದಿನೈದು ದಿನ ಮೊದಲು ಅವರನ್ನು ಮೌಸ್ ಅಂದರೇನು ಎಂದು ಕೇಳಿದ್ದರೆ ಕಾಳಿನ ಚೀಲಗಳ ಕಡೆ ನೋಡುತ್ತಿದ್ದರು.

ನನ್ನ ಬಗ್ಗೆಯೂ ಹೇಳಬೇಕು, ನಾಚಿಕೆಯಾದರೂ. ನಾನು ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಚಿತ್ರಕಲಾ ಶಿಕ್ಷಕ. ವಯಸ್ಸು ನಲವತ್ತಾರು. ಈ ವಯಸ್ಸಿನ ನನ್ನ ಸಹೋದ್ಯೋಗಿಗಳು ಸಂಜೆ ವಾಕಿಂಗ್ ಹೋಗುತ್ತಾರೆ, ಸಕ್ಕರೆ ಕಾಯಿಲೆಯ ವಿಷಯ ಮಾತಾಡುತ್ತಾರೆ. ನಾನು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕುದುರೆ ಹತ್ತುತ್ತೇನೆ. ಅದೊಂದು ದೊಡ್ಡ ಆಟ. ಕುದುರೆಯ ಮೇಲೆ ಕೂತು ಗುಡ್ಡ, ಹಳ್ಳ, ಹುಲ್ಲುಗಾವಲುಗಳ ಒಂದು ಇಡೀ ಸೀಮೆಯನ್ನು ಸುತ್ತಬೇಕು. ಬಂದವರು ಕೇಳಿದರೆ ನನ್ನ ಹೆಂಡತಿ ಸುನಂದಾ, “ಅವ್ರು ಒಳಗ ಸಾಲಿ ಕೆಲಸಾ ಮಾಡಾಕತ್ತಾರ್ರಿ” ಎಂದು ಹೇಳಿ ನನ್ನ ಮಾನ ಕಾಯುತ್ತಾಳೆ.

ಆ ಆಟಕ್ಕೆ ಬೇಕಾದದ್ದು ಆನೆಯಂಥ ಯಂತ್ರ. ನನ್ನಲ್ಲಿದ್ದದ್ದು ಪ್ರಶ್ನೆಪತ್ರಿಕೆ ಟೈಪು ಮಾಡಲು ಕೊಂಡ ಹಳೆಯ ಲ್ಯಾಪ್‌ಟಾಪು. ಗಾಳಿಯಾಡಲೆಂದು ಅದರ ಕೆಳಗೆ ಎರಡು ಕಡ್ಡಿಪೆಟ್ಟಿಗೆ, ಎದುರಿಗೊಂದು ಟೇಬಲ್ ಫ್ಯಾನು. ಆಟ ತೆರೆದುಕೊಳ್ಳುವಷ್ಟರಲ್ಲಿ ಚಹಾ ಮಾಡಿ, ಕುಡಿದು, ಕಪ್ಪು ತೊಳೆದಿಡಬಹುದು. ನಮ್ಮ ಮನೆಯಲ್ಲಿ ನಾನು ತೊಳೆದ ಕಪ್ಪುಗಳೆಲ್ಲ ಹಾಗೆ ತೊಳೆದವೇ.

ಪರದೆಯ ಮೇಲಿನ ಕುದುರೆ ನಿಜವಾಗಿ ಓಡುವುದಿಲ್ಲವಲ್ಲ. ಕಂಪ್ಯೂಟರು ಒಂದರ ಹಿಂದೊಂದು ಚಿತ್ರ ಬರೆದು ಬರೆದು ತೋರಿಸುತ್ತದೆ. ಸೆಕೆಂಡಿಗೆ ಅರವತ್ತು ಚಿತ್ರ ಬರೆದರೆ ಓಟ ಬೆಣ್ಣೆ, ಮೂವತ್ತಾದರೆ ಪರವಾಗಿಲ್ಲ, ಹತ್ತಕ್ಕಿಳಿದರೆ ಕುದುರೆ ಒಂದು ಕಾಲೆತ್ತಿ ಇನ್ನೊಂದನ್ನು ಎತ್ತಲೋ ಬೇಡವೋ ಎಂದು ಯೋಚಿಸುತ್ತ ನಿಲ್ಲುತ್ತದೆ. ಯಂತ್ರ ಬೇಗ ಬೇಗ ಬರೆಯಬೇಕಾದರೆ ನಾವು ಅದರ ಕೆಲಸ ಕಡಿಮೆ ಮಾಡಬೇಕು. ಎಂಟನೆಯ ತರಗತಿಯ ಮಕ್ಕಳಿಗೆ ಒಂದೇ ಪೀರಿಯಡ್ಡಿನಲ್ಲಿ ನಿಸರ್ಗ ದೃಶ್ಯ ಬರೆಯಿರಿ ಅಂದು ನೋಡಿ: ಹುಲ್ಲು ಬಿಡುತ್ತಾರೆ, ನೆರಳು ಬಿಡುತ್ತಾರೆ, ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ, ಮುಗಿಯಿತು. ನನ್ನ ಲ್ಯಾಪ್‌ಟಾಪೂ ಎಂಟನೆಯ ತರಗತಿಯದೇ. ಎರಡು ವರ್ಷ ಕೂತು ನಾನು ಅದರಿಂದ ಏನೇನು ಬಿಡಿಸಬಹುದು ಎಂದು ಕಲಿತಿದ್ದೆ. ನೆರಳು ತೆಗೆದೆ, ಹುಲ್ಲು ತೆಗೆದೆ, ನೀರಿನ ಹೊಳಪು ತೆಗೆದೆ. ಉಳಿದದ್ದು ಬೋಳು ನೆಲ, ಅದರ ಮೇಲೊಂದು ಕುದುರೆ. ಆದರೆ ಓಡುತ್ತಿತ್ತು. ನನಗೆ ಅದರ ಬಗ್ಗೆ ಬಹಳ ಹೆಮ್ಮೆಯೂ ಇತ್ತು.

ಈ ಚಟ ಬಹುಶಃ ರಾಯಬಾಗದ ನಮ್ಮ ಮನೆಯ ಮಾಳಿಗೆಯಿಂದ ಬಂದದ್ದು. ನಾನು ಸಣ್ಣವನಿದ್ದಾಗ ಅಪ್ಪ ಕಪ್ಪು-ಬಿಳುಪು ಟಿವಿ ತಂದಿದ್ದರು. ಸಂಜೆಯಾದರೆ ಅಪ್ಪ ಮಾಳಿಗೆಯ ಮೇಲೆ ಆಂಟೆನಾದ ಕಂಬ ಹಿಡಿದು ನಿಲ್ಲುವುದು, ನಾನು ಕಿಟಕಿಯಲ್ಲಿ ಅರ್ಧ ಹೊರಗೆ ಜೋತಾಡುತ್ತ ವರದಿ ಒಪ್ಪಿಸುವುದು. “ಬಂತೇನೋ?” “ಬಂತ್ರಿ! ಬಂತ್ರಿ! ಹೋತ್ರಿ!” ಅವ್ವನ ಅಲ್ಯೂಮಿನಿಯಂ ತಾಟೊಂದನ್ನು ಆಂಟೆನಾಕ್ಕೆ ಕಟ್ಟಿದ ಮೇಲೆ ಮುಂಬಯಿಯ ಮರಾಠಿ ಕಾರ್ಯಕ್ರಮಗಳು ಸ್ಪಷ್ಟವಾದವು, ತಾಟು ಹುಡುಕುತ್ತ ಅವ್ವ ಎಂಟು ದಿನ ನೆರೆಮನೆಯವರ ಮೇಲೆ ಅನುಮಾನಪಟ್ಟಳು. ಆಮೇಲೆ ಅಪ್ಪ ಒಂದು ಬಣ್ಣದ ಪ್ಲಾಸ್ಟಿಕ್ ಹಾಳೆ ತಂದು ಪರದೆಗೆ ಅಂಟಿಸಿದರು. ಮೇಲೆ ನೀಲಿ, ನಡುವೆ ಗುಲಾಬಿ, ಕೆಳಗೆ ಹಸಿರು. ಬಯಲು ಸೀಮೆ ತೋರಿಸುವಾಗ ಚೆಂದವೇ ಕಾಣುತ್ತಿತ್ತು. ವಾರ್ತೆ ಓದುವವರಿಗೆ ಮಾತ್ರ ನೀಲಿ ಹಣೆ, ಗುಲಾಬಿ ಮೂಗು, ಹಸಿರು ಗದ್ದ. ನಮ್ಮ ಓಣಿಯಲ್ಲಿ ಮೊದಲ ಕಲರ್ ಟಿವಿ ನಮ್ಮದೇ ಎಂದು ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗಿದ್ದೆ. ಇರಲಿ, ಮಾವನವರ ವಿಷಯಕ್ಕೆ ಬರುತ್ತೇನೆ.

ಮಾವನವರಿಗೆ ನಾನೆಂದರೆ ಅಷ್ಟಕ್ಕಷ್ಟೇ. ಹೆಣ್ಣು ನೋಡಲು ಹೋದ ದಿನವೇ, “ಚಿತ್ರಾ ತಗಿಯೂದಕ್ಕೂ ಪಗಾರ ಕೊಡತಾರೇನ್ರಿ?” ಎಂದು ಕೇಳಿದ್ದರು. ಕೊಡುತ್ತಾರೆ ಎಂದಾಗ ಸರ್ಕಾರದ ಬಗ್ಗೆ ಅವರಿಗಿದ್ದ ಗೌರವ ಕಡಿಮೆಯಾಯಿತೇ ಹೊರತು ನನ್ನ ಬಗ್ಗೆ ಹೆಚ್ಚಾಗಲಿಲ್ಲ. ಅವರು ಹರೆಯದಲ್ಲಿ ಶರ್ಯತ್ತಿನ ಗಾಡಿ ಹೊಡೆದವರು. ನಮ್ಮ ಕಡೆ ಒಂದು ಎತ್ತು, ಒಂದು ಕುದುರೆ ಜೋಡಿ ಕಟ್ಟಿ ಓಡಿಸುವ ಶರ್ಯತ್ತು ಇದೆ. ಎರಡೂ ಬೇರೆ ಬೇರೆ ಸ್ವಭಾವದವು, ಎರಡನ್ನೂ ಒಂದೇ ಗತಿಯಲ್ಲಿ ಹಿಡಿಯುವುದೇ ಹಿಕಮತ್ತು. ಮದುವೆಯಾದ ಮೇಲೆ ಅತ್ತೆ ಇನ್ನು ಕುದುರೆಯ ಬೆನ್ನು ಮುಟ್ಟಕೂಡದು ಎಂದು ಆಣೆ ಹಾಕಿಸಿಕೊಂಡಿದ್ದರಂತೆ. ಅಂಥವರ ಒಬ್ಬಳೇ ಮಗಳಿಗೆ ಸಿಕ್ಕವನು ಬಣ್ಣದ ಡಬ್ಬಿ ಹಿಡಿದವನು.

ಹೋದ ದ್ರಾಕ್ಷಿ ಸುಗ್ಗಿಯಲ್ಲಿ ಅವರು ಕಾಲು ಮುರಿದುಕೊಂಡರು. ತೋಟದಲ್ಲಿ ಡ್ರಿಪ್ ಪೈಪಿಗೆ ಎಡವಿ ಬಿದ್ದೆ ಎಂದರು. ಅಥಣಿಯಲ್ಲಿ ಆಪರೇಶನ್ ಆಗಿ ಮೊಣಕಾಲಿನ ಕೆಳಗಿನ ಎಲುಬಿಗೆ ಸರಳು ಹಾಕಿದರು. ಸತ್ತಿಯ ಮನೆಗೆ ಹತ್ತುವ ಮೆಟ್ಟಿಲು ಬಹಳ, ಅತ್ತೆಗೆ ದ್ರಾಕ್ಷಿ ಒಣಗಿಸುವ ಶೆಡ್ ಬಿಟ್ಟು ಬರುವಂತಿರಲಿಲ್ಲ. ಹೀಗಾಗಿ ಮಾವನವರನ್ನು ಚಿಕ್ಕೋಡಿಗೆ ಕರೆತಂದು ನನ್ನ ಕೋಣೆಯಲ್ಲಿ, ಅಂದರೆ ಆಟದ ಕೋಣೆಯಲ್ಲಿ, ಮಲಗಿಸಿದೆವು.

ಮಗಳ ಮನೆಯಲ್ಲಿ ಬಿದ್ದುಕೊಂಡು ಉಣ್ಣುವುದು ಅವರಿಗೆ ಕಾಲು ನೋವಿಗಿಂತ ದೊಡ್ಡ ನೋವಾಗಿತ್ತು. ಎರಡು ತಿಂಗಳಾಗುತ್ತ ಬಂತು; ಡಾಕ್ಟರು ಇನ್ನು ಕಾಲಿನ ಮೇಲೆ ಭಾರ ಹಾಕಿ ನಡೆಯಬೇಕು ಅಂದರು. ವ್ಯಾಯಾಮ ಕಲಿಸುವ ಡಾಕ್ಟರಮ್ಮ ದಿನ ಬಿಟ್ಟು ದಿನ ಬಂದು, “ಅಜ್ಜಾರ, ವಾಕರ್ ಹಿಡಕೊಂಡ ನಾಕ ಹೆಜ್ಜಿ ಹಾಕ್ರಿ” ಎಂದು ಗೋಗರೆಯುತ್ತಿದ್ದರು. ಇವರು ಗೋಡೆಯ ಕಡೆ ಹೊರಳುತ್ತಿದ್ದರು.

“ನಡದ ಎಲ್ಲಿಗೆ ಹೋಗೂದೈತಿ?” ಅನ್ನುತ್ತಿದ್ದರು. “ಹೋಗೂವಲ್ಲೆಲ್ಲಾ ಹೋಗಿ ಬಂದೇನಿ.”

ಸುನಂದಾ ಹೊರಗೆ ಬಂದು ಅಳುತ್ತಿದ್ದಳು. ಹೀಗೇ ಮಲಗಿದರೆ ಕಾಲು ಬಿಗಿದುಕೊಂಡು ಮತ್ತೆ ಏಳುವುದೇ ಆಗಲಿಕ್ಕಿಲ್ಲ ಎಂದು ಡಾಕ್ಟರಮ್ಮ ಅವಳೊಬ್ಬಳಿಗೇ ಹೇಳಿ ಹೋಗಿದ್ದರು. ನನಗೂ ದುಃಖವಿತ್ತು, ಅದರ ಜೊತೆಗೆ, ದೇವರಾಣೆ, ನನ್ನ ಕುದುರೆ ಎರಡು ತಿಂಗಳಿಂದ ಯಾವುದೋ ಗುಡ್ಡದ ತಪ್ಪಲಲ್ಲಿ ಒಂದೇ ಕಡೆ ನಿಂತಿದೆಯಲ್ಲ ಎಂಬ ಸಣ್ಣ ದುಃಖವೂ ಇತ್ತು.

ಒಂದು ಭಾನುವಾರ ಮಧ್ಯಾಹ್ನ ಸುನಂದಾ ಸಂತೆಗೆ ಹೋಗಿದ್ದಳು. ಮಾವನವರು ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದರು. ನಾನು ಕಳ್ಳನ ಹಾಗೆ ಲ್ಯಾಪ್‌ಟಾಪು ತೆರೆದು, ದನಿ ಪೂರ್ತಿ ಮುಚ್ಚಿ, ಕುದುರೆ ಹತ್ತಿದೆ. ಹತ್ತು ನಿಮಿಷ ಸುಖವಾಗಿ ಓಡಿಸಿರಬೇಕು. ಗೊರಕೆ ಯಾವಾಗ ನಿಂತಿತೋ ಗಮನಿಸಲಿಲ್ಲ.

“ಅಳ್ಯಾರ,” ಎಂದಿತು ಹಿಂದಿನಿಂದ ದನಿ. “ಆ ಕುದರಿಗೆ ನೆರಳ ಯಾಕ ಇಲ್ಲ?”

ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಹುಡುಗರ ಮುಖ ಹೇಗಿರುತ್ತದೆ ಎಂದು ನಾನು ಇಪ್ಪತ್ತು ವರ್ಷ ನೋಡಿದ್ದೇನೆ. ಅವತ್ತು ಅದು ನನ್ನ ಮೇಲಿತ್ತು.

“ನೆರಳ ಬಂದ್ ಮಾಡೇನ್ರಿ, ಮಾವಾರ.”

“ನೆರಳ ಬಂದ್ ಮಾಡಾಕ ಬರತೈತಿ?”

“ಇದರಾಗ ಬರತೈತ್ರಿ. ನೆರಳಿದ್ರ ಮಶಿನ್ನಿಗೆ ಭಾರ ಆಗತೈತಿ.”

“ನೆರಳಿಗೆ ಎಂಥಾ ಭಾರ?” ಮೊಣಕೈ ಊರಿ ಅರ್ಧ ಎದ್ದಿದ್ದರು. “ನೆರಳ ಇಲ್ಲದ್ದು ದೆವ್ವಕ್ಕ ಅಷ್ಟ. ದೆವ್ವದ ಮ್ಯಾಲ ಕುಂತ ಎಲ್ಲಿಗೆ ಹೊಂಟೀರಿ?”

ನೆರಳು ಹಾಕಿದೆ. ಕುದುರೆಯ ಕಾಲ ಕೆಳಗೆ ಒಂದು ಕರಿ ಮಚ್ಚೆ ಬಂತು. ಅವರು ಕಣ್ಣು ಕಿರಿದು ಮಾಡಿ ನೋಡಿದರು.

“ಮತ್ತ ಹುಲ್ಲ ಎಲ್ಲಿ? ಇಷ್ಟ ದೊಡ್ಡ ಕುದರಿ ಏನ ತಿಂತೈತಿ?”

“ಹುಲ್ಲೂ ಬಂದ್ ಮಾಡೇನ್ರಿ.”

ಅವರು ನನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಇಪ್ಪತ್ತು ವರ್ಷ ಅವರ ಮಗಳಿಗೆ ಏನು ತಿನ್ನಿಸುತ್ತಿದ್ದೇನೆ ಎಂಬ ಪ್ರಶ್ನೆಯೂ ಅದರಲ್ಲಿತ್ತು. ಅವಸರದಲ್ಲಿ ಹುಲ್ಲನ್ನು ಕೊನೆಯ ಮಟ್ಟಕ್ಕೆ ಏರಿಸಿದೆ. ಲ್ಯಾಪ್‌ಟಾಪು ಹಿಟ್ಟಿನ ಗಿರಣಿಯ ಹಾಗೆ ಗುರ್ ಎಂದಿತು. ಬೋಳು ನೆಲದ ಮೇಲೆ ಮೊಣಕಾಲುದ್ದ ಹುಲ್ಲು ಎದ್ದಿತು. ಕುದುರೆ ಒಂದು ಕಾಲು ಎತ್ತಿತು, ಎತ್ತಿಯೇ ನಿಂತಿತು.

“ಏನಾತು ಅದಕ್ಕ?”

“ಹುಲ್ಲ ಭಾಳ ಆತ್ರಿ. ಅದಕ್ಕ ನಿಂತೈತಿ.”

“ಹುಲ್ಲ ಭಾಳ ಆದ್ರ ಕುದರಿ ಓಡೂದ ಬಿಡತೈತಿ? ಯಾರ ಮಾಡ್ಯಾರ್ರಿ ಈ ಆಟಾ? ಅವ್ರ ಮನ್ಯಾಗ ಒಂದ ಆಡಾದ್ರೂ ಇತ್ತೇನ?”

ಅಂದಿನಿಂದ ದಿನಾ ಸಂಜೆ ನಾನು ಶಾಲೆಯಿಂದ ಬರುವುದನ್ನೇ ಅವರು ಕಾಯತೊಡಗಿದರು. ಆಡುವುದು ನಾನು, ತಪ್ಪು ಹಿಡಿಯುವುದು ಅವರು. ದೂರದ ದೃಶ್ಯ ಕಡಿಮೆ ಮಾಡಿದರೆ, “ನಾವ್ ಹತ್ತರ ಹ್ವಾದ ಮ್ಯಾಲ ಗುಡ್ಡ ಹುಟ್ಟತೈತಲ್ರೀ” ಎನ್ನುತ್ತಿದ್ದರು. ಕೃಷ್ಣೆಯ ದಂಡೆಯಲ್ಲಿ ಬೆಳೆದವರಿಗೆ ನನ್ನ ಅಗ್ಗದ ನದಿ ಹಿಡಿಸಲಿಲ್ಲ: “ಇದು ಹೊಳಿ ಅಲ್ಲ. ಪ್ಲಾಸ್ಟಿಕ್ ತಾಡಪತ್ರಿ ಹಾಸ್ಯಾರ.” ನೀರು ಹರಿಯಬೇಕಾದರೆ, ಹುಲ್ಲು ನಿಲ್ಲಬೇಕಾದರೆ, ನೆರಳು ಬೀಳಬೇಕಾದರೆ ಇನ್ನೇನಾದರೂ ಬಿಡಲೇಬೇಕು ಎಂದು ವಿವರಿಸಿದೆ. ಅವರು ಗದ್ದ ತುರಿಸಿಕೊಂಡು ಯೋಚಿಸಿದರು.

“ಆ ಪ್ಯಾಟ್ಯಾಗ ಮಂದಿ ಅಡ್ಡಾಡತಾರಲ್ಲ, ಅವ್ರನ್ನ ತಗೀರಿ.”

“ಎಲ್ಲಾರನೂ?”

“ಒಂದಿಬ್ಬರು ಇರ್ಲಿ, ದಾರಿ ಕೇಳಾಕ.”

ಕ್ಯಾಲೆಂಡರಿನ ಹಾಳೆ ಹುಟ್ಟಿದ್ದು ಆವತ್ತು. ನಾನೆಲ್ಲಿ ಮತ್ತೆ ಬಂದ್ ಮಾಡಿಬಿಡುತ್ತೇನೋ ಎಂಬ ಅನುಮಾನಕ್ಕೆ ತಾವೇ ಕೈಯಾರೆ ಬರೆದು ಗೋಡೆಗೆ ಅಂಟಿಸಿದರು. ಎರಡು ವರ್ಷದಲ್ಲಿ ನನಗೆ ಹೊಳೆಯದ ಹೊಂದಾಣಿಕೆ ಅದು. ಪೇಟೆ ಬಿಕೋ ಎನ್ನುತ್ತಿತ್ತು, ಕುದುರೆ ಮಾತ್ರ ಹಸಿರು ಹುಲ್ಲಿನಲ್ಲಿ ಸಲೀಸಾಗಿ ಓಡುತ್ತಿತ್ತು.

ಸುನಂದಾ ಮೊದಲ ದಿನ ಬಾಗಿಲಲ್ಲಿ ನಿಂತು ನಾವಿಬ್ಬರೂ ಮಾತಾಡುವುದನ್ನು ಕೇಳಿ ತನ್ನ ಕಿವಿಯನ್ನೇ ನಂಬಲಿಲ್ಲ. ಎರಡನೆಯ ದಿನ ಶರತ್ತು ಹಾಕಿದಳು: “ಅಪ್ಪಾ, ಹತ್ತ ಸಲ ಮೊಣಕಾಲ ಮಡಚಿದ್ರ ಕುದರಿ. ಇಲ್ಲಂದ್ರ ಇಲ್ಲ.” ಅವರು ಹಲ್ಲು ಕಚ್ಚಿ ಮಡಚಿದರು. ಆದರೂ ಮಂಚ ಬಿಟ್ಟು ಏಳಲಿಲ್ಲ.

ಒಂದು ವಾರ ಹೀಗೆ ನಡೆಯಿತು. ಎಂಟನೆಯ ದಿನ ನಾವು ದೊಡ್ಡ ಹೊಳೆ ದಾಟುತ್ತಿದ್ದೆವು. ನೀರು ಇನ್ನೊಂದಿಷ್ಟು ಮಿಂಚಲಿ ಅಂದರು, ಹೆಚ್ಚಿಸಿದೆ. ನಡುಹೊಳೆಯಲ್ಲಿ ಗಿರಣಿಯ ಸದ್ದು ಏರಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು.

“ಮುಳಗಿತೇನ್ರಿ?” ಎಂದರು ಮಾವನವರು ಗಾಬರಿಯಲ್ಲಿ.

ಲ್ಯಾಪ್‌ಟಾಪು ರಿಪೇರಿ ಅಂಗಡಿಗೆ ಹೋಯಿತು. ಮಾವನವರು ಗೋಡೆಯ ಕಡೆ ಹೊರಳಿದರು. ಅವರ ಬೆನ್ನು ನೋಡಲಾರದೆ ನಾನು ರಜೆಯ ದಿನ ಶಾಲೆಗೆ ಹೋಗಿ ಲ್ಯಾಬಿನ ಕಂಪ್ಯೂಟರಿನಲ್ಲಿ ಪ್ರಯತ್ನಿಸಿದೆ, ಇದನ್ನು ಹೆಡ್‌ಮಾಸ್ತರರು ಓದದಿರಲಿ. ಹಾಜರಿ ತುಂಬುವುದಕ್ಕೇ ಏದುಸಿರು ಬಿಡುವ ಯಂತ್ರ ಅದು. ಎಲ್ಲವನ್ನೂ ತೀರಾ ಕೆಳಗಿಳಿಸಿದ ಮೇಲೆ ಆಟವೇನೋ ತೆರೆಯಿತು, ಕುದುರೆ ಬರಲಿಲ್ಲ. ಸವಾರನೊಬ್ಬ ಎರಡೂ ಕಾಲು ಅಗಲಿಸಿಕೊಂಡು ಗಾಳಿಯಲ್ಲಿ ಕೂತು ತೇಲುತ್ತ ಹೊರಟಿದ್ದ. ಫೋನಿನಲ್ಲಿ ಅದರ ಫೋಟೋ ತೆಗೆದು ತಂದು ತೋರಿಸಿದೆ, ನಗಲಿ ಎಂದು.

ಅವರು ಬಹಳ ಹೊತ್ತು ನೋಡಿದರು. “ಇವಂದು ಕುದರೀನೂ ಬಂದ್ ಮಾಡೀರೇನ?” ಎಂದು ಫೋನು ಹಿಂದಿರುಗಿಸಿದರು. ನಗಲಿಲ್ಲ.

ಆಗ ನೆನಪಾದವನು ನಿಪ್ಪಾಣಿಯ ದಿಲೀಪ. ನನ್ನ ಜೊತೆ ಚಿತ್ರಕಲೆ ಓದಿದವನು, ಈಗ ಮದುವೆ ವಿಡಿಯೋ ಮಾಡುತ್ತಾನೆ. ತಂಬಾಕಿನ ಗೋದಾಮಿನ ಮೇಲಿನ ಅವನ ಸ್ಟುಡಿಯೋದಲ್ಲಿ ಒಂದು ದೈತ್ಯ ಕಂಪ್ಯೂಟರು ಇದೆ. ಗಾಜಿನ ಹೊಟ್ಟೆ, ಅದರೊಳಗೆ ಬಣ್ಣದ ದೀಪ. ಸದಲಗಾ ರಸ್ತೆಯಲ್ಲಿ ನಿಂತ ವಧೂವರರನ್ನು ಹಿಮದ ಬೆಟ್ಟಗಳ ಮೇಲೆ ಹಾರಿಸುವಷ್ಟು ಶಕ್ತಿ ಅದಕ್ಕಿದೆ. ಫೋನು ಮಾಡಿದೆ. ಮದುವೆಗಳು ಕಡಿಮೆ ಇರುವ ವಾರ ಬಾ, ಆಟ ಇಳಿಸಿಟ್ಟಿರುತ್ತೇನೆ ಅಂದ.

“ಅಲ್ಲಿ ಎಲ್ಲಾ ಹಚ್ಚಬಹುದ್ರಿ ಮಾವಾರ,” ಎಂದೆ ಬೆನ್ನಿಗೆ. “ಹುಲ್ಲೂ, ನೀರೂ, ನೆರಳೂ. ಮಂದೀನೂ.”

ಬೆನ್ನು ಸ್ವಲ್ಪ ಅಲುಗಿತು. “ಗಾಡಿ ಬಾಗಲ ತನಕಾ ಹೋಗತೈತೇನ?”

“ಹೋಗತೈತ್ರಿ. ಆದ್ರ ಸ್ಟುಡಿಯೋ ಮಾಡಿ ಮ್ಯಾಲ ಐತಿ.”

“ಎಷ್ಟ ಪಾವಟಿಗಿ?”

“ಹದಿನಾರ.”

ಮರುದಿನ ಡಾಕ್ಟರಮ್ಮ ಬಂದಾಗ ಮಾವನವರು ಮಂಚದ ಅಂಚಿನಲ್ಲಿ ಕೂತಿದ್ದರು. “ವಾಕರ್ ತರ್ರಿ,” ಎಂದರು. ಆಕೆ ಇಷ್ಟು ದಿನ ಬೇಡಿದ್ದನ್ನು ಹದಿನಾರು ಮೆಟ್ಟಿಲು ಒಂದು ರಾತ್ರಿಯಲ್ಲಿ ಮಾಡಿಸಿತ್ತು. ಮೊದಲ ದಿನ ಬಾಗಿಲ ತನಕ, ಮೂರನೆಯ ದಿನ ಪಡಸಾಲೆ. ಆಮೇಲೆ ನಮ್ಮ ಮನೆಯ ಮುಂದಿನ ಎರಡೇ ಎರಡು ಮೆಟ್ಟಿಲುಗಳನ್ನು ಕಟಾಂಜನ ಹಿಡಿದು ಎಂಟೆಂಟು ಸಲ ಹತ್ತಿ ಇಳಿಯತೊಡಗಿದರು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. “ಗೌಡ್ರ ಏನೋ ಮರತಾರ, ಅದಕ್ಕ ಮತ್ತ ಮತ್ತ ಒಳಗ ಹೊಕ್ಕಾರ” ಎಂದು ಎದುರುಮನೆಯವರು ತೀರ್ಮಾನಿಸಿದರು.

ಹದಿನೈದು ದಿನದ ಮೇಲೆ, ಡಾಕ್ಟರಮ್ಮನ ಒಪ್ಪಿಗೆ ಪಡೆದು, ನಿಪ್ಪಾಣಿಗೆ ಹೊರಟೆವು. ಸುನಂದಾಗೆ ಓಣಿಯ ಹೆಂಗಸರ ಸಂಘದ ಸಭೆ ಇತ್ತು, ನಾವಿಬ್ಬರೇ. ಗೋದಾಮಿನ ಮೆಟ್ಟಿಲು ಹತ್ತುವಾಗ ನಾನು ಒಂದು ಕಡೆ, ಗೋಡೆ ಒಂದು ಕಡೆ. ಆರನೆಯ ಮೆಟ್ಟಿಲಲ್ಲಿ ತಂಬಾಕಿನ ಘಾಟಿಗೆ ಅವರಿಗೆ ಸೀನು ಬಂತು. ನಿಂತು ಸಾವಕಾಶ ಏಳು ಸಲ ಸೀನಿದರು. ಹನ್ನೊಂದನೆಯದರಲ್ಲಿ ಬೆವರೊರೆಸಿಕೊಂಡರು. ಕೊನೆಯ ಮೆಟ್ಟಿಲಿಗೆ ಬಂದಾಗ ದಿಲೀಪ ಬಾಗಿಲು ತೆರೆದು, “ಯಾ ಯಾ, ಮಾಮಾ! ಬಸಾ!” ಎಂದು ಮರಾಠಿಯಲ್ಲಿ ಸ್ವಾಗತಿಸಿ ತನ್ನದೇ ಕುರ್ಚಿ ಕೊಟ್ಟ.

ದಿಲೀಪ ಎಲ್ಲ ಸೆಟ್ಟಿಂಗನ್ನೂ ತುದಿಗೆ ಏರಿಸಿದ್ದ. ಪರದೆ ತೆರೆದಾಗ ನಾನೇ ನನ್ನ ಆಟದ ಗುರುತು ಹಿಡಿಯಲಿಲ್ಲ. ಹುಲ್ಲಿನ ಒಂದೊಂದು ಎಸಳೂ ಗಾಳಿಗೆ ಬೇರೆ ಬೇರೆಯಾಗಿ ಬಾಗುತ್ತಿತ್ತು. ಹಳ್ಳದ ತಳದ ಹರಳು ಕಾಣುತ್ತಿದ್ದವು. ಕುದುರೆಯ ಪಕ್ಕೆಯ ಮೇಲೆ ಬೆವರಿತ್ತು. ನೊಣ ಕೂತ ಕಡೆ ಚರ್ಮ ಅದುರಿತು.

“ಕಸಾ ಆಹೇ ಘೋಡಾ?” ಕುದುರೆ ಹೇಗಿದೆ ಎಂದು ದಿಲೀಪ ಕೇಳಿದ.

“ಕಿವಿ ನೋಡ್ರಿ,” ಎಂದರು ಮಾವನವರು ಮೆಲ್ಲಗೆ. “ಹಿಂದ ಸಪ್ಪಳ ಆದ್ರ ಒಂದ ಕಿವಿ ಹಿಂದಕ್ಕ ತಿರವತೈತಿ. ಖರೇ ಐತಿ.”

ಮೊದಲ ಸಲ ಆಟದ ಕಂಟ್ರೋಲರನ್ನು ತಾವೇ ಕೇಳಿ ಪಡೆದರು. ಎರಡು ಗುಂಡಿ ತೋರಿಸಿದೆ. ಉಳಿದದ್ದನ್ನು ಅವರ ಕೈ ಹೇಗೋ ಕಂಡುಕೊಂಡಿತು. ಕುದುರೆ ಹೆಜ್ಜೆ ಹಾಕಿತು, ಕುಕ್ಕುಲೋಟಕ್ಕೆ ಬಂತು, ನಾಗಾಲೋಟಕ್ಕೆ ಬಿದ್ದಿತು. ಮಾವನವರ ಮೈ ಕುರ್ಚಿಯಲ್ಲಿ ಮುಂದೆ ಬಾಗಿತ್ತು. “ಹುರ್ರ್! ಬಾ ನನ್ನ ರಾಜಾ!” ಎಂದು ಕೂಗಿದರು. ಎದೆಯುದ್ದ ಹುಲ್ಲನ್ನು ಸೀಳಿಕೊಂಡು ಓಡುತ್ತಿದ್ದ ಕುದುರೆಗೆ ಆ ಹುಲ್ಲಿನೊಳಗೆ ಬಚ್ಚಿಟ್ಟುಕೊಂಡಿದ್ದ ಬಂಡೆ ಕಾಣಲಿಲ್ಲ. ಮುಂಗಾಲು ತಗುಲಿತು. ಕುದುರೆ ಪಲ್ಟಿ ಹೊಡೆಯಿತು, ಸವಾರ ಹಾರಿ ಬಿದ್ದ, ದಿಲೀಪನ ದೊಡ್ಡ ಸ್ಪೀಕರುಗಳಲ್ಲಿ ಎಲುಬು ಮುರಿದ ಸದ್ದು ಬಂತು.

“ಯವ್ವಾ!” ಎಂದು ಮಾವನವರು ಎರಡೂ ಕೈಯಿಂದ ತಮ್ಮ ಕಾಲು ಹಿಡಿದುಕೊಂಡರು.

ಮುಖ ಬಿಳಿಚಿತ್ತು. ದಿಲೀಪ ನೀರು ತರಲು ಓಡಿದ. ನಾನು ಅವರ ಭುಜ ಹಿಡಿದೆ. ಅವರು ಪರದೆಯ ಮೇಲೆ ಬಿದ್ದವನನ್ನೇ ನೋಡುತ್ತ, “ಹಿಂಗ ಆತ್ರಿ” ಎಂದರು.

“ಏನ್ರಿ?”

“ಡ್ರಿಪ್ ಪೈಪ ಅಲ್ರಿ ಅಳ್ಯಾರ. ಬಾಜೂ ತೋಟದ ಶಿವಪ್ಪ ಒಂದ ಘೋಡಿ ತಂದಿದ್ದ. ದಿನಾ ಬೇಲಿ ಮ್ಯಾಲಿಂದ ನನ್ನ ನೋಡತಿತ್ತು. ಒಂದ ದಿವಸ ಯಾರೂ ಇರಲಿಲ್ಲ. ಹತ್ತಿದೆ.” ದಿಲೀಪ ತಂದ ನೀರು ಕುಡಿದರು. “ಐವತ್ತ ವರ್ಷ ಆಗಿತ್ರಿ ಹತ್ತಿ. ಕಾಲುವಿ ತನಕಾ ಭಾಳ ಚಂದ ಹೋತು. ಅಲ್ಲಿ ಕರಕಿ ಹುಲ್ಲಾಗ ಕಲ್ಲ ಇತ್ತು. ಕಾಣಲಿಲ್ಲ.”

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಈ ಮನುಷ್ಯ ಬೇಲಿ ಹಾರಿ ಕುದುರೆ ಹತ್ತಿದ್ದರು. ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದು ನೋವಿಗಲ್ಲ, ನಾಚಿಕೆಗೆ.

“ಸುನಂದಾಗ ಹೇಳಬ್ಯಾಡ್ರಿ. ಆಕೀಗ ಹೇಳಿದ್ರ ಆಕೀ ಅವ್ವಗ ಹೇಳಿಧಂಗ.”

“ಇಲ್ರಿ ಮಾವಾರ.”

“ನೀವು ಇದರಾಗ ಬಿದ್ದಾಗ ಏನ ಮಾಡತೀರಿ?”

“ಮತ್ತ ಹತ್ತತೇನ್ರಿ. ಈ ಗುಂಡಿ ಒತ್ತಿದ್ರ ಕುದರಿ ತಾನ ಬರತೈತಿ.”

ಗುಂಡಿ ಒತ್ತಿದರು. ಕುದುರೆ ಎದ್ದು ಬಂದು ಪಕ್ಕದಲ್ಲಿ ನಿಂತಿತು. ಅವರು ದಿಲೀಪನ ಕಡೆ ತಿರುಗಿ, “ಹುಲ್ಲ ಜರಾ ಕಮ್ಮಿ ಮಾಡ್ರಿ. ಕಲ್ಲ ಕಾಣಬೇಕು” ಎಂದರು. ಜಗತ್ತಿನ ಹುಲ್ಲನ್ನೆಲ್ಲ ತೋರಿಸಬಲ್ಲ ಯಂತ್ರವನ್ನು ಮಧ್ಯಮಕ್ಕೆ ಇಳಿಸಿ ದಿಲೀಪ ನನ್ನ ಮುಖ ನೋಡಿದ. ಮಾವನವರು ಒಂದು ತಾಸು ಓಡಿಸಿದರು, ಮತ್ತೆ ಬೀಳಲಿಲ್ಲ. ಮನೆಗೆ ಬಂದವರೇ ಕ್ಯಾಲೆಂಡರ್ ಹಾಳೆಯ ಮೊದಲ ಸಾಲು ತಿದ್ದಿದರು.

ಲ್ಯಾಪ್‌ಟಾಪೂ ರಿಪೇರಿಯಾಗಿ ಬಂತು. ಅಂಗಡಿಯವರು ಅದರ ಫ್ಯಾನಿನೊಳಗಿಂದ ತೆಗೆದ ಸೀಮೆಸುಣ್ಣದ ಪುಡಿಯನ್ನು ಪೊಟ್ಟಣ ಕಟ್ಟಿ ಕೊಟ್ಟು, “ಸರ್, ಇದರಾಗ ನಿಮ್ಮ ಸಾಲಿ ಬೋರ್ಡ ಪೂರಾ ಐತಿ” ಎಂದರು. ಪುಡಿ ಹೋದ ಮೇಲೆ ಯಂತ್ರ ತಣ್ಣಗೆ, ಮೊದಲಿಗಿಂತ ಚುರುಕಾಗಿ ನಡೆಯತೊಡಗಿತು. ಎರಡು ವರ್ಷ ನಾನು ನೆರಳು, ಹುಲ್ಲು ತೆಗೆದದ್ದರ ಬದಲು ಒಮ್ಮೆ ಧೂಳು ತೆಗೆದಿದ್ದರೆ ಸಾಕಾಗಿತ್ತಂತೆ. ಇದನ್ನು ನಾನು ಮಾವನವರಿಗೆ ಹೇಳಲಿಲ್ಲ. ಅಷ್ಟರಲ್ಲಿ ಗಳಿಸಿದ್ದ ಮರ್ಯಾದೆಯನ್ನು ಯಾಕೆ ಕಳೆದುಕೊಳ್ಳಲಿ?

ಆದರೆ ನಡಿಗೆ ಒಂದು ಕಡೆ ಸಿಕ್ಕಿಬಿದ್ದಿತ್ತು. ವಾಕರ್ ಹಿಡಿದು ಎಲ್ಲೆಡೆ ಓಡಾಡುತ್ತಿದ್ದರು. ಬಿಟ್ಟು ಒಂದು ಹೆಜ್ಜೆ ಇಡಿ ಎಂದರೆ ಬೆವರುತ್ತಿದ್ದರು. ಕಾಲು ಕೂಡಿದೆ, ಹೆದರಿಕೆ ಹೋಗಿಲ್ಲ ಎಂದರು ಡಾಕ್ಟರಮ್ಮ. ಸುನಂದಾ ಅದನ್ನು ಫೋನಿನಲ್ಲಿ ಅವ್ವನಿಗೂ ಹೇಳಿದಳು.

ದ್ರಾಕ್ಷಿ ಕೆಲಸ ಮುಗಿಸಿ ಅತ್ತೆ ಒಂದು ಸಂಜೆ ಸತ್ತಿಯಿಂದ ಬಂದರು, ಗಂಡನನ್ನು ಕರೆದೊಯ್ಯಲು. ಒಣದ್ರಾಕ್ಷಿಯ ಚೀಲವನ್ನು ಮಗಳ ಕೈಗೆ ಕೊಟ್ಟು ನೇರ ಕೋಣೆಗೆ ಬಂದರು. ಮಾವನವರು ಮಂಚದ ಮೇಲೆ ಕೂತಿದ್ದರು; ಮೇಜಿನ ಮೇಲಿನ ಪರದೆಯಲ್ಲಿ ಕುದುರೆ ನಿಂತಿತ್ತು. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಅದನ್ನು ನೋಡಿದರು.

“ಶಿವಪ್ಪನ ಘೋಡಿ ಇದಕ್ಕಿಂತ ಛಲೋ ಐತಿ. ಹಣಿ ಮ್ಯಾಲ ಬಿಳಿ ಚುಕ್ಕಿ ಐತಿ ಅದಕ್ಕ.”

“ಯಾವ ಘೋಡಿ?” ಎಂದಳು ಸುನಂದಾ.

“ನಿಮ್ಮಪ್ಪನ್ನ ಕೆಡವಿದ್ದು.”

ಮಾವನವರು ನನ್ನನ್ನು ನೋಡಿದರು. ನಾನು ಎರಡೂ ಕೈ ಅಲ್ಲಾಡಿಸಿ ಇಲ್ಲ ಇಲ್ಲ ಎಂದೆ. ಅದನ್ನು ಸುನಂದಾ ನೋಡಿದಳು. ಹೀಗೆ ಒಂದೇ ಕ್ಷಣದಲ್ಲಿ ನಾನು ಇಬ್ಬರ ಕಡೆಯೂ ಸಿಕ್ಕಿಬಿದ್ದೆ.

“ನಿನಗ ಹ್ಯಾಂಗ ಗೊತ್ತು?” ಮಾವನವರ ದನಿ ಬಹಳ ಸಣ್ಣದಾಗಿತ್ತು.

“ಡ್ರಿಪ್ ಪೈಪಿಗೆ ಎಡವಿದವರ ರುಮಾಲ ಘೋಡಿ ಜೀನಿನಾಗ ಹ್ಯಾಂಗ ಸಿಗತೈತ್ರಿ? ಶಿವಪ್ಪ ಅವತ್ತ ಸಂಜೀಕ ತಂದ ಕೊಟ್ಟ.”

“ಮತ್ತ ಇಷ್ಟ ದಿವಸ ಅನ್ನಲಿಲ್ಲಾ?”

“ಕಾಲ ಮುರಕೊಂಡ ಬಿದ್ದೀರಿ. ಸುಳ್ಳಾದ್ರೂ ನೆಟ್ಟಗ ಇರ್ಲಿ ಅಂತ ಬಿಟ್ಟೆ.”

ಅತ್ತೆ ಕುರ್ಚಿ ಎಳೆದು ಮೇಜಿನ ಮುಂದೆ ಕೂತರು. “ಇದನ್ನ ಹ್ಯಾಂಗ ಹೊಡೀತಾರ್ರಿ ಅಳ್ಯಾರ? ನಾನೂ ಒಮ್ಮೆ ಹತ್ತತೇನಿ.” ತೋರಿಸಿಕೊಟ್ಟೆ. ಸುನಂದಾ ಯಾರ ಮೇಲೆ ಮೊದಲು ಸಿಟ್ಟು ಮಾಡಬೇಕು ಎಂದು ತಿಳಿಯದೆ ಚಹಾ ಮಾಡಲು ಹೋದಳು.

ಅತ್ತೆ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ನಿಲ್ಲಿಸಿದರು. ಕುದುರೆ ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು.

“ಓಡಸ,” ಎಂದರು ಮಾವನವರು ಮಂಚದಿಂದ.

“ಮೇಯಾಕತ್ತೈತಿ. ಮೇಯಲಿ.”

“ಅದು ಶರ್ಯತ್ತಿನ ಕುದರಿ! ನಿಂದ್ರಸಬ್ಯಾಡ! ಲಗಾಮ ಬಿಡು!”

ಅತ್ತೆ ಇನ್ನು ನಾಲ್ಕು ಹೆಜ್ಜೆ ನಡೆಸಿ, ಒಂದು ಗಿಡದ ನೆರಳಲ್ಲಿ ಮತ್ತೆ ನಿಲ್ಲಿಸಿದರು. “ದಣದೈತಿ ಪಾಪ.”

“ಏನ ದಣದೈತಿ? ಹತ್ತ ಮಾರ ನಡದಿಲ್ಲ! ಏ, ಅತ್ತಾಗ ಹಳ್ಳ ಐತಿ, ಈ ಕಡೆ ಹೊಳ್ಳಸ! ಈ ಕಡೆ! ಎಡಕ್ಕ ಅಂದ್ರ ಎಡಕ್ಕ!” ಅವರ ದನಿ ಹತ್ತಿರವಾಗುತ್ತಿತ್ತು. ನಾನು ತಿರುಗಿ ನೋಡಿದೆ. ಮಾವನವರು ಅತ್ತೆಯ ಕುರ್ಚಿಯ ಹಿಂದೆ, ಎರಡೂ ಕೈ ಗಾಳಿಯಲ್ಲಿ ಎತ್ತಿ ಲಗಾಮು ಜಗ್ಗುತ್ತ ನಿಂತಿದ್ದರು. ವಾಕರ್ ಮಂಚದ ಪಕ್ಕದಲ್ಲೇ ಇತ್ತು.

ಬಾಗಿಲಲ್ಲಿ ಸುನಂದಾ ಚಹಾದ ತಾಟು ಹಿಡಿದು ನಿಂತಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಬೇಡ ಎಂದು ತಲೆಯಾಡಿಸಿದಳು.

ಅತ್ತೆ ಹಿಂತಿರುಗಿ ನೋಡಲಿಲ್ಲ. ಕುದುರೆಯನ್ನು ಇನ್ನಷ್ಟು ದೂರ ನಡೆಸಿ, ಮತ್ತೊಮ್ಮೆ ನಿಲ್ಲಿಸಿದರು.